ಮಕ್ಕಳಿಗೆ ಕಾಯುವುದನ್ನು ಕಲಿಸುವುದು: ಪ್ರಾರ್ಥನೆ, ನಂಬಿಕೆ ಮತ್ತು ಅಲುಗಾಡುವ ಒಂದು ಹಲ್ಲು

ನನ್ನ ಮಗಳಿಗೆ ಆರು ವರ್ಷವಾದಾಗ ಕೆಳಸಾಲಿನ ಮುಂದಿನ ಹಲ್ಲೊಂದು ಅಲುಗಾಡತೊಡಗಿತು. ಮೊದಲ ದಿನ ಹೆಮ್ಮೆ, ಎರಡನೆಯ ದಿನದಿಂದ ಅವಸರ. ನಾಲಿಗೆಯಿಂದ ನೂಕುವುದು, ಕನ್ನಡಿಯ ಮುಂದೆ ನಿಂತು ಎಳೆಯುವುದು, ರಾತ್ರಿ ಮಲಗುವ ಮುನ್ನ ಕಣ್ಣು ಬಿಗಿಯಾಗಿ ಮುಚ್ಚಿ "ದೇವರೇ, ನಾಳೆ ಬೆಳಿಗ್ಗೆಯೊಳಗೆ ಬೀಳಿಸು" ಎನ್ನುವುದು. ಬೆಳಿಗ್ಗೆ ಎದ್ದು ನೋಡಿದರೆ ಹಲ್ಲು ಇದ್ದಲ್ಲೇ ಇರುತ್ತಿತ್ತು. ನಾಲ್ಕನೆಯ ದಿನ ಅವಳು ಕೇಳಿದಳು: "ಅಮ್ಮ, ದೇವರಿಗೆ ಕಿವಿ ಕೇಳಿಸುವುದಿಲ್ಲವೇ?"

"ಸ್ವಲ್ಪ ತಾಳ್ಮೆ ಇರಲಿ ಪುಟ್ಟಿ" ಎಂದು ಹೇಳಿ ನಾನು ಕೆಲಸಕ್ಕೆ ತಿರುಗಿದೆ. ಆರು ವರ್ಷದ ಮಗುವಿಗೆ ಆ ಮಾತಿನಿಂದ ಏನೂ ಸಿಕ್ಕಿರಲಾರದು. ತಾಳ್ಮೆ ಎಂದರೇನು, ಅದನ್ನು ಎಲ್ಲಿಂದ ತರಬೇಕು, ತಂದು ಏನು ಮಾಡಬೇಕು ಎಂದು ನಾನು ಹೇಳಿರಲಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆಲ್ಲ ಬಾಯಿಪಾಠವಾಗಿದೆ. ತಾಳುವುದು ಹೇಗೆ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಆ ಹಲ್ಲಿನ ದೆಸೆಯಿಂದ ನಾನು ಕಲಿತದ್ದು, ಆಮೇಲಿನ ವರ್ಷಗಳಲ್ಲಿ ತಪ್ಪಿ ತಪ್ಪಿ ತಿದ್ದಿಕೊಂಡದ್ದು ಇಲ್ಲಿದೆ. ನೀವು ದೇವರನ್ನು ಯಾವ ಹೆಸರಿನಿಂದ ಕರೆದರೂ, ಯಾವ ಭಾಷೆಯಲ್ಲಿ ಪ್ರಾರ್ಥಿಸಿದರೂ ಇದು ಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ಮೊದಲ ಹೆಜ್ಜೆ: ಕೊಟ್ಟ ಮಾತು ಉಳಿಸಿಕೊಳ್ಳಿ

ಪ್ರಾರ್ಥನೆಗೆ ಕೈಹಾಕುವ ಮೊದಲು ದೊಡ್ಡವರು ಮಾಡಬೇಕಾದ ಕೆಲಸವೊಂದಿದೆ. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೆ ನೀರಿನಲ್ಲಿ ಹೋಮ ಮಾಡಿದಂತೆ.

ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗದ ವಿಷಯ ನೀವು ಕೇಳಿರಬಹುದು. ಮಗುವಿನ ಮುಂದೆ ಒಂದು ಸಿಹಿತಿಂಡಿ ಇಟ್ಟು, "ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ" ಎಂದು ಹೇಳಿ ಹೊರಗೆ ಹೋಗುವುದು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಮುಂದಿದ್ದರು ಎಂಬ ಮಾತು ಜಗತ್ತೆಲ್ಲ ಹಬ್ಬಿತು. 2018ರಲ್ಲಿ ಹೆಚ್ಚು ಮಕ್ಕಳನ್ನು ಒಳಗೊಂಡು ಮತ್ತೆ ಪರಿಶೀಲಿಸಿದಾಗ, ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದರೆ ಆ ನಂಟು ಬಹಳ ತೆಳುವಾಯಿತು.

ಹೆತ್ತವರಿಗೆ ಇದಕ್ಕಿಂತ ಮುಖ್ಯವಾದದ್ದು 2013ರಲ್ಲಿ ಅಚ್ಚಾದ ಇನ್ನೊಂದು ಅಧ್ಯಯನ. ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಸಿಹಿಯ ಪರೀಕ್ಷೆಗೆ ಮೊದಲು ಎಲ್ಲ ಮಕ್ಕಳಿಗೂ ಬಣ್ಣ ಹಚ್ಚುವ ಆಟವಿತ್ತು. "ಇವು ಹಳೆಯ ಬಣ್ಣದ ಕಡ್ಡಿಗಳು, ಸ್ವಲ್ಪ ಕಾದರೆ ಒಳ್ಳೆಯದನ್ನು ತರುತ್ತೇನೆ" ಎಂದು ದೊಡ್ಡವರೊಬ್ಬರು ಹೇಳಿ ಹೋದರು. ಒಂದು ಗುಂಪಿಗೆ ಹೇಳಿದಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು "ಇಲ್ಲವಂತೆ" ಎಂದರು. ಅನಂತರ ಸಿಹಿ ಇಟ್ಟು ಕಾಯಲು ಹೇಳಿದಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಕಾದದ್ದು ಸುಮಾರು 3 ನಿಮಿಷ.

ಎರಡನೆಯ ಗುಂಪಿನ ಮಕ್ಕಳಲ್ಲಿ ತಾಳ್ಮೆಯಿರಲಿಲ್ಲ ಎಂದು ನನಗೆ ಅನಿಸುವುದಿಲ್ಲ. ಮಾತಿಗೆ ತಪ್ಪುವವರಿಗಾಗಿ ಕಾಯುವುದು ದಡ್ಡತನ ಎಂದು ಅವರಿಗೆ ಹೊಳೆದಿತ್ತು, ಅಷ್ಟೇ. ಮಗುವಿನ ತಾಳ್ಮೆ ನಿಂತಿರುವುದು ನಂಬಿಕೆಯ ಮೇಲೆ. ಕಣ್ಣಿಗೆ ಕಾಣುವ ಅಪ್ಪ ಅಮ್ಮನ ಮಾತೇ ನೆಚ್ಚಿಕೆಗೆ ಬಾರದಿದ್ದರೆ ಕಾಣದ ದೇವರನ್ನು ಮಗು ಯಾವ ಧೈರ್ಯದಿಂದ ನಂಬಬೇಕು?

ಆದ್ದರಿಂದ ಮೊದಲ ವಾರ ಮಗುವಿಗೆ ಏನನ್ನೂ ಕಲಿಸಬೇಡಿ. ನೀವು ಕೊಡುವ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ. "ಐದು ನಿಮಿಷ ತಡಿ", "ನಾಳೆ ನೋಡೋಣ", "ಆಮೇಲೆ ಕೊಡುತ್ತೇನೆ". ರಾತ್ರಿ ಕುಳಿತು ಎಷ್ಟನ್ನು ನಡೆಸಿಕೊಟ್ಟಿರಿ ಎಂದು ನೋಡಿ. ನಾನು ಹಾಗೆ ನೋಡಿದಾಗ ಮುಖ ಸಣ್ಣದಾಯಿತು. ನನ್ನ "ಐದು ನಿಮಿಷ" ಕೆಲವೊಮ್ಮೆ ಮುಕ್ಕಾಲು ಗಂಟೆ, ಹಲವೊಮ್ಮೆ ಎಂದಿಗೂ ಬಾರದ ಐದು ನಿಮಿಷ.

ಎರಡನೆಯ ವಾರದಿಂದ ಮಾತನ್ನು ಕಡಿಮೆ ಮಾಡಿ, ಕೊಟ್ಟದ್ದನ್ನು ಉಳಿಸಿಕೊಳ್ಳಿ. ಚಿಕ್ಕ ಮಕ್ಕಳಿಗೆ ಗಡಿಯಾರದ ಲೆಕ್ಕ ಅರ್ಥವಾಗುವುದಿಲ್ಲ. "ಈ ಬಟ್ಟೆಗಳನ್ನೆಲ್ಲ ಮಡಚಿಟ್ಟ ಮೇಲೆ ಬರುತ್ತೇನೆ" ಎಂದರೆ ಅರ್ಥವಾಗುತ್ತದೆ, ಏಕೆಂದರೆ ಬಟ್ಟೆಯ ರಾಶಿ ಕರಗುವುದು ಕಣ್ಣಿಗೆ ಕಾಣುತ್ತದೆ. ಆಗದ್ದನ್ನು ಆಗುವುದಿಲ್ಲ ಎಂದೇ ಹೇಳಿ. ಮಾತು ತಪ್ಪಿದ ದಿನ ನೆಪ ಹುಡುಕದೆ ಒಪ್ಪಿಕೊಳ್ಳಿ: "ಬರುತ್ತೇನೆ ಎಂದಿದ್ದೆ, ಬರಲಿಲ್ಲ. ತಪ್ಪಾಯಿತು. ಈಗ ಬಂದೆ."

ಎರಡನೆಯ ಹೆಜ್ಜೆ: ಪ್ರಾರ್ಥನೆ ಚಿಕ್ಕದಾಗಿರಲಿ

ಮಗುವನ್ನು ಹತ್ತು ನಿಮಿಷ ಅಲುಗಾಡದಂತೆ ಕೂರಿಸಿ, ಅರ್ಥವಾಗದ ಸಾಲುಗಳನ್ನು ಹೇಳಿಸಿ, ಮಧ್ಯೆ ಮಧ್ಯೆ ಗದರಿಸಿದರೆ ಅದು ಕಲಿಯುವುದು ಒಂದೇ: ಪ್ರಾರ್ಥನೆ ಯಾವಾಗ ಮುಗಿಯುತ್ತದೆ ಎಂದು ಕಾಯುವುದು. ಅದೂ ಒಂದು ಬಗೆಯ ತಾಳ್ಮೆಯೇ ಎಂದು ಯಾರಾದರೂ ವಾದಿಸಬಹುದು. ನಾನು ಒಪ್ಪುವುದಿಲ್ಲ.

ಎರಡು ಮೂರು ವರ್ಷದ ಮಗುವಿಗೆ ಒಂದು ಸಾಲು ಸಾಕು. ನಾಲ್ಕೈದು ವರ್ಷಕ್ಕೆ ಒಂದೆರಡು ನಿಮಿಷ. ಏಳೆಂಟು ವರ್ಷದವರು ಐದು ನಿಮಿಷ ಕೂರುತ್ತಾರೆ, ಅದೂ ಮನಸ್ಸಿದ್ದರೆ. ಸಮಯ ಮತ್ತು ಜಾಗ ಮಾತ್ರ ದಿನವೂ ಒಂದೇ ಇರಲಿ. ಮಲಗುವ ಹೊತ್ತು ಎಲ್ಲಕ್ಕಿಂತ ಸಲೀಸು, ಏಕೆಂದರೆ ಆಗ ಹೊರಗೆ ಓಡುವ ಆಸೆ ಇರುವುದಿಲ್ಲ, ಮಾತನಾಡುವ ಆಸೆ ಮಾತ್ರ ಇರುತ್ತದೆ.

ಇದರಲ್ಲಿ ಬಿಡಬಾರದ ಭಾಗವೆಂದರೆ ನಡುವಿನ ಮೌನ. ಹೇಳಬೇಕಾದ್ದನ್ನು ಹೇಳಿದ ಮೇಲೆ ಮೂರು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಗೆ ಬಿಡಬೇಕು. ಉದ್ದನೆಯ ನಿಶ್ವಾಸ ಎದೆಬಡಿತವನ್ನು ತಗ್ಗಿಸಿ ಮೈಯನ್ನು ಶಾಂತಗೊಳಿಸುತ್ತದೆ. ಮಗುವಿಗೆ ಈ ವಿವರವೆಲ್ಲ ಬೇಡ. "ನಾವು ಹೇಳಿದ್ದಾಯಿತು, ಈಗ ದೇವರ ಜೊತೆ ಸುಮ್ಮನೆ ಕೂರೋಣ" ಎಂದರೆ ಸಾಕು. ನನ್ನ ಮಗಳು ಮೊದಲ ದಿನ ಮೂರು ಉಸಿರನ್ನು ನಾಯಿಮರಿಯಂತೆ ಎರಡು ಸೆಕೆಂಡಿನಲ್ಲಿ ಮುಗಿಸಿ "ಆಯಿತು" ಎಂದಳು. ತಿದ್ದಲಿಲ್ಲ. ಪಕ್ಕದಲ್ಲಿ ನಾನು ನಿಧಾನವಾಗಿ ಉಸಿರಾಡುತ್ತಾ ಕುಳಿತೆ. ಎರಡು ವಾರದಲ್ಲಿ ಅವಳ ಉಸಿರು ನನ್ನದರ ಜೊತೆ ಸೇರಿತು.

ಮೂರನೆಯ ಹೆಜ್ಜೆ: ಕೇಳುವ ಮಾತನ್ನು ಬದಲಿಸಿ

ಮಕ್ಕಳ ಪ್ರಾರ್ಥನೆ "ಕೊಡು" ಎಂಬಲ್ಲಿಂದ ಶುರುವಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ದೊಡ್ಡವರದ್ದೂ ಬಹುಪಾಲು ಅದೇ. ಆಸೆಯನ್ನು ಹೇಳಿಕೊಳ್ಳಲು ಬಿಡಿ. "ಅಂಥದ್ದನ್ನೆಲ್ಲ ದೇವರ ಹತ್ತಿರ ಕೇಳಬಾರದು" ಎಂದರೆ ಮಗು ಕೇಳುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಕೇಳಿಸದಂತೆ ಕೇಳುತ್ತದೆ. ಆ ಆಸೆಯ ಹಿಂದೆ ಇನ್ನೊಂದು ಸಾಲನ್ನು ಸೇರಿಸಿದರೆ ಸಾಕು.

"ದೇವರೇ, ಹಲ್ಲು ಬೇಗ ಬೀಳಲಿ. ಬೀಳುವವರೆಗೆ ನನ್ನ ಜೊತೆ ಇರು."

ಈ "ಬೀಳುವವರೆಗೆ" ಎಂಬ ಪದದ ಮೇಲೆ ನನಗೆ ವಿಶೇಷ ಅಕ್ಕರೆ. ಕೋರಿಕೆ ಈಡೇರುವುದು ಯಾವತ್ತೋ, ಜೊತೆಗಿರುವುದು ಈಗಲೇ. ಮೊದಲ ಸಾಲು ಇಂದು ರಾತ್ರಿ ಫಲಿಸದಿದ್ದರೂ ಎರಡನೆಯ ಸಾಲು ಫಲಿಸಿರುತ್ತದೆ. ಅಪ್ಪನ ಊರಿನ ಕೆಲಸ ಮುಗಿಯಲಿ, ಮುಗಿಯುವವರೆಗೆ ಜೊತೆ ಇರು. ಜ್ವರ ಇಳಿಯಲಿ, ಇಳಿಯುವವರೆಗೆ ಜೊತೆ ಇರು. ಸ್ನೇಹಿತೆ ಮತ್ತೆ ಮಾತನಾಡಲಿ, ಅಲ್ಲಿಯವರೆಗೆ ಜೊತೆ ಇರು. ಮಕ್ಕಳು ಈ ಅಚ್ಚನ್ನು ಬೇಗ ಹಿಡಿಯುತ್ತಾರೆ, ತಮಗೆ ಬೇಕಾದ್ದನ್ನೆಲ್ಲ ಅದರೊಳಗೆ ಹೊಯ್ಯುತ್ತಾರೆ.

ಬೆಳೆದ ಮಕ್ಕಳಾದರೆ, ಹತ್ತು ವರ್ಷ ದಾಟಿದ ಮೇಲೆ, ಮೂರನೆಯ ಸಾಲೊಂದನ್ನು ಸೇರಿಸಬಹುದು: "ನಾನು ಮಾಡಬೇಕಾದ್ದು ಏನಾದರೂ ಇದ್ದರೆ ತೋರಿಸು." ಪರೀಕ್ಷೆಯ ಫಲಿತಾಂಶಕ್ಕೆ ಕಾಯುವುದು ಒಂದು ಬಗೆ, ಪುಸ್ತಕ ತೆರೆಯದೆ ಫಲಿತಾಂಶಕ್ಕೆ ಕಾಯುವುದು ಇನ್ನೊಂದು ಬಗೆ. ಈ ಸಾಲು ಆ ಎರಡರ ನಡುವೆ ಗೆರೆ ಎಳೆಯುತ್ತದೆ.

ನಾಲ್ಕನೆಯ ಹೆಜ್ಜೆ: ಕಾಯುವ ಕೈಗೆ ಕೆಲಸ ಕೊಡಿ

ಮಿಶೆಲ್ ಅವರ ಪ್ರಯೋಗದಲ್ಲಿ ಹೆಚ್ಚು ಹೊತ್ತು ಕಾದ ಮಕ್ಕಳು ಹಲ್ಲುಕಚ್ಚಿ ಸಿಹಿಯನ್ನು ದಿಟ್ಟಿಸುತ್ತಾ ಕುಳಿತವರಲ್ಲ. ಕಣ್ಣು ಮುಚ್ಚಿಕೊಂಡವರು, ಬೆನ್ನು ತಿರುಗಿಸಿದವರು, ತಮಗೆ ತಾವೇ ಹಾಡಿಕೊಂಡವರು. ಕಾಯುವ ವಸ್ತುವಿನಿಂದ ಮನಸ್ಸನ್ನು ಬೇರೆಡೆಗೆ ಒಯ್ಯುವುದೇ ಅವರ ಉಪಾಯವಾಗಿತ್ತು. ಪ್ರಾರ್ಥನೆ ಮಾಡಿದ ಮೇಲೆ ಮಗುವಿಗೂ ಇದು ಬೇಕು. ದೇವರ ಕೈಗೆ ಕೊಟ್ಟ ಮೇಲೆ ನಮ್ಮ ಕೈ ಖಾಲಿಯಾಗುತ್ತದೆ, ಖಾಲಿ ಕೈಗೆ ಒಂದು ಕೆಲಸ ಬೇಕು. ಚಿತ್ರ ಬರೆಯಲಿ, ತಂಗಿಗೆ ಕಥೆ ಹೇಳಲಿ, ಮಣಿ ಪೋಣಿಸಲಿ. ಮೊಬೈಲ್ ಕೊಡಬೇಡಿ ಎಂದು ನಾನು ಹೇಳುವುದಕ್ಕೆ ಕಾರಣ ಇಷ್ಟೇ: ಅದು ಕಾಯುವಿಕೆಯನ್ನು ಅಳಿಸಿಹಾಕುತ್ತದೆ. ಅಳಿಸಿಹೋದದ್ದನ್ನು ಅಭ್ಯಾಸ ಮಾಡಲು ಬರುವುದಿಲ್ಲ.

ಐದನೆಯ ಹೆಜ್ಜೆ: ಪ್ರಾರ್ಥನೆಯ ಪುಸ್ತಕ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ನಿಮಗೆ ಬಿಡುವಿದ್ದರೆ, ನಿಮ್ಮ ಮಾತನ್ನು ಉಳಿಸಿಕೊಳ್ಳುವುದರ ನಂತರ, ಇದನ್ನು ಮಾಡಿ.

ಸಾಮಾನ್ಯ ನೋಟ್‌ಬುಕ್ ಸಾಕು. ಎಡಪುಟದಲ್ಲಿ ತಾರೀಖು ಹಾಕಿ, ಮಗು ಕೇಳಿಕೊಂಡದ್ದನ್ನು ಬರೆಯಿರಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ. ಬಲಪುಟ ಖಾಲಿ ಇರಲಿ. ಆ ಖಾಲಿ ಪುಟವೇ ಇಲ್ಲಿ ಪಾಠ, ಅದನ್ನು ಆತುರದಿಂದ ತುಂಬಬಾರದು. ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು ಹಿಂದಿನ ಪುಟಗಳನ್ನು ತಿರುವಿ. ಆದದ್ದಕ್ಕೆ ಒಂದು ಗುರುತು, ಇನ್ನೂ ಆಗದ್ದಕ್ಕೆ ಒಂದು, ಬೇರೆ ರೀತಿಯಲ್ಲಿ ಆದದ್ದಕ್ಕೆ ಇನ್ನೊಂದು. ನಾಲ್ಕನೆಯ ಗುರುತೂ ಬೇಕಾಗುತ್ತದೆ: ಈಗ ನನಗೆ ಅದು ಬೇಡವೇ ಬೇಡ. ನಮ್ಮ ಪುಸ್ತಕದಲ್ಲಿ ಆ ನಾಲ್ಕನೆಯದೇ ಹೆಚ್ಚು. ಎರಡು ತಿಂಗಳ ಹಿಂದೆ ಅದಿಲ್ಲದೆ ಬದುಕಲಾರೆ ಎಂದು ಅತ್ತಿದ್ದು ಯಾವುದಕ್ಕೆ ಎಂದು ಓದಿ ಮಕ್ಕಳು ತಾವೇ ಬಿದ್ದು ಬಿದ್ದು ನಗುತ್ತಾರೆ. ನೀವು ಗಂಟೆಗಟ್ಟಲೆ ಬುದ್ಧಿ ಹೇಳಿದರೂ ಈ ನಗು ಕಲಿಸುವಷ್ಟು ಕಲಿಸಲಾರಿರಿ.

ನಮ್ಮ ಪುಸ್ತಕದ ಮೊದಲ ಪುಟ ಆ ಹಲ್ಲಿನದು. ಅವಳು ಒಂದು ದೊಡ್ಡ ಬಾಯಿ ಬರೆದು, ಅದರೊಳಗೆ ಓಲಾಡುವ ಒಂಟಿ ಚೌಕವನ್ನು ಬರೆದಿದ್ದಾಳೆ. ಅದನ್ನು ಬರೆದ ದಿನ ನಾನು ಹಲ್ಲಿನ ಒಳಗಥೆಯನ್ನು ಅವಳಿಗೆ ಹೇಳಿದೆ. ಮಕ್ಕಳಿಗೆ ಇಪ್ಪತ್ತು ಹಾಲುಹಲ್ಲುಗಳಿರುತ್ತವೆ, ಸಾಮಾನ್ಯವಾಗಿ ಆರು ವರ್ಷದ ಆಸುಪಾಸಿನಲ್ಲಿ ಉದುರತೊಡಗುತ್ತವೆ. ಹೊಸ ಹಲ್ಲು ವಸಡಿನ ಕೆಳಗಿನಿಂದ ಮೇಲೇರಿ ಬರುತ್ತಿರುವಾಗ ಹಾಲುಹಲ್ಲಿನ ಬೇರು ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ಹೋಗುತ್ತದೆ. ಬೇರು ಕರಗಿದ್ದರಿಂದಲೇ ಹಲ್ಲು ಅಲುಗಾಡುವುದು. ಕನ್ನಡಿಯಲ್ಲಿ ನೋಡಿದರೆ ಏನೂ ಆಗುತ್ತಿಲ್ಲ ಎನಿಸುತ್ತದೆ, ಆದರೆ ಕೆಳಗೆ ತಿಂಗಳುಗಳಿಂದ ಕೆಲಸ ನಡೆಯುತ್ತಲೇ ಇದೆ. ಸಮಯಕ್ಕೆ ಮೊದಲು ಎಳೆದರೆ ನೋವು, ರಕ್ತ.

ಅವಳು ಕನ್ನಡಿಯ ಮುಂದೆ ಹೋಗಿ ವಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. "ಇದರ ಕೆಳಗೆ ಇನ್ನೊಂದು ಇದೆಯೇ? ಈಗಲೇ?"

"ಈಗಲೇ."

"ದೇವರು ಒಳಗಿನಿಂದ ಮಾಡುತ್ತಿದ್ದಾನಾ?"

ಹೌದು ಎಂದೆ. ಆ ಉತ್ತರದಲ್ಲಿ ದಂತವೈದ್ಯರಿಗೂ ತಕರಾರು ಇರಲಾರದು.

ಆರನೆಯ ಹೆಜ್ಜೆ: ಕಾದವರ ಕಥೆಗಳು

ರಾಮನಿಗಾಗಿ ಕಾದ ಶಬರಿ, ಎಲ್ಲವನ್ನೂ ಕಳೆದುಕೊಂಡೂ ದೇವರನ್ನು ಬಿಡದ, ಬೈಬಲ್ ಯೋಬ ಎಂದೂ ಕುರಾನ್ ಅಯ್ಯೂಬ್ ಎಂದೂ ಕರೆಯುವ ಭಕ್ತ, ಅಣ್ಣಂದಿರು ಬಾವಿಗೆ ತಳ್ಳಿದ ಮೇಲೆ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದ ಯೋಸೇಫ. ಎಲ್ಲ ಪರಂಪರೆಗಳಲ್ಲೂ ಇಂಥವರು ಬೇಕಾದಷ್ಟು ಮಂದಿ ಇದ್ದಾರೆ. ಕಥೆ ಹೇಳುವಾಗ ಕೊನೆಗೆ ಓಡಬೇಡಿ. ನಡುವೆ ನಿಲ್ಲಿಸಿ: "ರಾಮ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ಎದ್ದು ಶಬರಿ ಏನು ಮಾಡಿರಬಹುದು?" ಎಂದು ಕೇಳಿ. ಕಥೆಯ ಮುಂದಿನ ಭಾಗವನ್ನು ನಾಳೆಗೆ ಉಳಿಸಿದರೆ ಅಲ್ಲೂ ಒಂದು ಕಾಯುವಿಕೆ ಸಿಗುತ್ತದೆ. ನಾಳೆ ಮರೆಯದೆ ಹೇಳಬೇಕು, ಮೊದಲ ಹೆಜ್ಜೆ ನೆನಪಿರಲಿ.

ಏಳನೆಯ ಹೆಜ್ಜೆ: "ದೇವರು ಯಾಕೆ ಕೇಳಲಿಲ್ಲ?"

ಇದು ಬಂದೇ ಬರುತ್ತದೆ. ಹಲ್ಲಿನ ವಿಷಯದಲ್ಲಿ ಬಂದರೆ ಸುಲಭ. ಕಾಯಿಲೆಯಲ್ಲಿದ್ದ ಅಜ್ಜಿಗಾಗಿ ಮಗು ಪ್ರತಿ ರಾತ್ರಿ ಪ್ರಾರ್ಥಿಸಿ, ಅಜ್ಜಿ ಉಳಿಯದೆ ಹೋದಾಗ ಬಂದರೆ ನಿಮ್ಮ ಗಂಟಲೂ ಕಟ್ಟಿರುತ್ತದೆ.

ಆಗ ಮೂರು ಮಾತುಗಳನ್ನು ಆಡಬೇಡಿ. "ನೀನು ಮನಸ್ಸಿಟ್ಟು ಪ್ರಾರ್ಥಿಸಲಿಲ್ಲ" ಎಂಬುದು ಮೊದಲನೆಯದು. ಸಾವಿನ ಹೊರೆಯನ್ನು ಮಗುವಿನ ಹೆಗಲಿಗೇರಿಸುವ ಮಾತಿದು. "ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ" ಎಂಬುದು ಎರಡನೆಯದು. ಕೇಳಿದ ಮಗು ತಾನು ಒಳ್ಳೆಯವನಾಗಲು ಹೆದರಿದರೆ ಆಶ್ಚರ್ಯವಿಲ್ಲ. "ಎಲ್ಲ ಒಳ್ಳೆಯದಕ್ಕೇ" ಎಂಬುದು ಮೂರನೆಯದು. ದೊಡ್ಡವರಿಗೆ ಅದು ಸಮಾಧಾನವಿರಬಹುದು, ಅಜ್ಜಿಯ ಮಡಿಲು ಕಳೆದುಕೊಂಡವನಿಗೆ ಹೇಗೆ ಸಮಾಧಾನವಾದೀತು?

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. "ಯಾಕೆ ಹೀಗಾಯಿತು ಎಂದು ನನಗೂ ತಿಳಿಯದು. ನನಗೂ ದುಃಖವಾಗಿದೆ. ದೇವರ ಮೇಲೆ ಕೋಪ ಬಂದಿದೆಯೇ? ಬಂದಿದ್ದರೆ ಅದನ್ನೇ ಹೇಳು, ಅವನು ಕೇಳಿಸಿಕೊಳ್ಳುತ್ತಾನೆ." ಕೋಪವನ್ನು ದೇವರ ಮುಂದಿಡಲು ಬಿಟ್ಟ ಮಗು ದೇವರ ಜೊತೆ ಮಾತು ಬಿಡುವುದಿಲ್ಲ. ಭಕ್ತರು ದೇವರೊಡನೆ ಜಗಳವಾಡಿದ್ದು, ದೂರಿದ್ದು, ಹಂಗಿಸಿದ್ದು ಹೊಸದೇನಲ್ಲ. ಪುಸ್ತಕದ ಆ ಪುಟದ ಬಲಭಾಗ ಖಾಲಿಯೇ ಉಳಿಯಲಿ. ಅದನ್ನು ತುಂಬುವ ಅವಸರ ನಮ್ಮದು, ಮಗುವಿನದಲ್ಲ.

ರಂಪದ ಹೊತ್ತಿನಲ್ಲಿ

ನೆಲದ ಮೇಲೆ ಬಿದ್ದು ಕಾಲು ಬಡಿಯುತ್ತಿರುವ ಮಗುವಿಗೆ "ಪ್ರಾರ್ಥನೆ ಮಾಡು" ಎನ್ನುವುದು ಉರಿಯುವ ಒಲೆಗೆ ಉಪದೇಶ ಮಾಡಿದಂತೆ. ಆತುರ ಮತ್ತು ಸಿಟ್ಟನ್ನು ಹಿಡಿತಕ್ಕೆ ತರುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ಹರೆಯದ ನಡುವಿನವರೆಗೆ ಬೇಕು. ಮೂರು ವರ್ಷದವನಿಂದ ಸಂತನ ಸಂಯಮವನ್ನು ಬಯಸಿದರೆ ತಪ್ಪು ಬಯಸಿದವರದು. ಪಕ್ಕದಲ್ಲಿ ಕೂರಿ. ನೀವು ನಿಧಾನವಾಗಿ ಉಸಿರಾಡಿ. ಒಪ್ಪಿದರೆ ಬೆನ್ನ ಮೇಲೆ ಕೈಯಿಡಿ. ನೀವೇ ಮೆಲ್ಲನೆಯ ದನಿಯಲ್ಲಿ "ದೇವರೇ, ನಮ್ಮಿಬ್ಬರ ಜೊತೆ ಇರು" ಎನ್ನಿ. ಬುದ್ಧಿಮಾತಿಗೆ ಸಂಜೆಯವರೆಗೆ ಬಿಡುವು ಕೊಡಿ.

ಮತ್ತು ದಯವಿಟ್ಟು ಪ್ರಾರ್ಥನೆಯನ್ನು ಶಿಕ್ಷೆಯನ್ನಾಗಿ ಮಾಡಬೇಡಿ. "ಹಟ ಮಾಡಿದರೆ ದೇವರು ಕಣ್ಣು ಕಿತ್ತುಬಿಡುತ್ತಾನೆ" ಎಂದು ಹೆದರಿಸಿ, ಆಮೇಲೆ ಅದೇ ದೇವರನ್ನು ನಂಬು ಎಂದರೆ ಮಗು ಹೇಗೆ ನಂಬೀತು? ದೇವರ ಜೊತೆ ವ್ಯಾಪಾರ ಕುದುರಿಸುವುದನ್ನೂ ಕಲಿಸಬೇಡಿ. ಇಷ್ಟು ಸಲ ಹೇಳಿದರೆ ಇಂಥದ್ದು ಸಿಗುತ್ತದೆ ಎಂದು ಕಲಿತ ಮಗು, ಸಿಗದ ದಿನ ಅಂಗಡಿ ಬದಲಿಸುತ್ತದೆ.

ತಾಳಿಕೊಳ್ಳಬಾರದ ಜಾಗಗಳು

ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಯಾರಾದರೂ ಹೊಡೆದರೆ, ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆ, ದಿನವೂ ಹೀಯಾಳಿಸಿದರೆ, ಅಲ್ಲಿ ತಾಳ್ಮೆ ಬೇಕಿಲ್ಲ. ಕೂಡಲೇ ದೊಡ್ಡವರಿಗೆ ಬಂದು ಹೇಳಬೇಕು. ಪ್ರಾರ್ಥನೆ ಕಲಿಸುವ ಮನೆಯಲ್ಲಿ ಈ ಮಾತನ್ನು ಪ್ರಾರ್ಥನೆಯಷ್ಟೇ ಸಲ ಹೇಳಿ, ಏಕೆಂದರೆ "ಸಹಿಸಿಕೋ, ದೇವರು ನೋಡಿಕೊಳ್ಳುತ್ತಾನೆ" ಎಂಬ ವಾಕ್ಯವನ್ನು ಒಳ್ಳೆಯ ಮಕ್ಕಳು ಅಕ್ಷರಶಃ ಪಾಲಿಸಿಬಿಡುತ್ತಾರೆ. ಹಾಗೆಯೇ ಜ್ವರಕ್ಕೆ ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು.

ನಿಮ್ಮ ತಾಳ್ಮೆ ತಪ್ಪಿದ ದಿನ

ತಪ್ಪುತ್ತದೆ. ನನ್ನದು ವಾರದಲ್ಲಿ ಎರಡು ಸಲವಾದರೂ ತಪ್ಪುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ ಹೊರಡುವ ಹೊತ್ತಿನಲ್ಲಿ, ಒಂದು ಕಾಲುಚೀಲದ ಜೋಡಿ ಸಿಗದಿದ್ದಾಗ. ಆ ರಾತ್ರಿಯ ಪ್ರಾರ್ಥನೆಯನ್ನು ನಾನೇ ಮೊದಲು ಮಾಡುತ್ತೇನೆ, ಮಗಳಿಗೆ ಕೇಳಿಸುವಂತೆ: "ದೇವರೇ, ಇವತ್ತು ಬೆಳಿಗ್ಗೆ ಕಾಯಲು ಆಗಲಿಲ್ಲ, ಕೂಗಾಡಿದೆ. ನಾಳೆ ಸಹಾಯ ಮಾಡು." ಮೊದಲ ಸಲ ಹೀಗೆ ಹೇಳಿದಾಗ ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. ಆಮೇಲೆ ತನ್ನ ಸರದಿ ಬಂದಾಗ, "ದೇವರೇ, ಅಮ್ಮನಿಗೆ ಕಾಲುಚೀಲ ಸಿಗಲಿ. ಸಿಗುವವರೆಗೆ ಅವಳ ಜೊತೆ ಇರು" ಎಂದಳು.

ಎಷ್ಟು ದಿನದಲ್ಲಿ ಫಲ ಕಾಣುತ್ತದೆ ಎಂದು ಕೆಲವರು ಕೇಳುತ್ತಾರೆ. ತಾಳ್ಮೆ ಕಲಿಸುವುದರಲ್ಲೂ ಅವಸರ! ನಮ್ಮ ಮನೆಯಲ್ಲಿ ರಾತ್ರಿಯ ಮೂರು ಉಸಿರು ಎರಡು ವಾರಕ್ಕೆ ಬಂತು. "ಅಲ್ಲಿಯವರೆಗೆ" ಎಂಬ ಪದ ಅವಳ ಸ್ವಂತ ಮಾತಾಗಲು ಎರಡು ತಿಂಗಳಾಯಿತು. ಸರದಿಯಲ್ಲಿ ನಿಂತಾಗ ಈಗಲೂ ನನ್ನ ಕೈ ಎಳೆಯುತ್ತಾಳೆ.

ಹಲ್ಲು ಬಿದ್ದದ್ದು ಹತ್ತೊಂಬತ್ತನೆಯ ದಿನ, ಆಟದ ಮಧ್ಯೆ, ಅವಳು ಅದನ್ನು ಮರೆತಿದ್ದಾಗ. ರಕ್ತವೂ ಹೆಚ್ಚು ಬರಲಿಲ್ಲ. ಅಂಗೈಯಲ್ಲಿ ಹಿಡಿದು ತಂದು ತೋರಿಸಿದಳು, ಅಕ್ಕಿಕಾಳಿಗಿಂತ ತುಸು ದೊಡ್ಡದು, ಬೇರು ಎಂಬುದೇ ಇಲ್ಲ. ಆ ರಾತ್ರಿ ಪುಸ್ತಕದ ಬಲಪುಟದಲ್ಲಿ ತಾರೀಖು ಹಾಕಿ ತಾನೇ ಅಕ್ಷರ ಕೂಡಿಸಿ "ಬಿತ್ತು" ಎಂದು ಬರೆದಳು. ಆಮೇಲೆ ಹೊಸ ಪುಟ ತಿರುವಿ, ನಾಲಿಗೆಯನ್ನು ಆ ಕಿಂಡಿಯಲ್ಲಿ ತೂರಿಸಿಕೊಂಡು, ಮುಂದಿನ ಕೋರಿಕೆಯನ್ನು ಬರೆಯಲು ಕುಳಿತಳು: "ದೇವರೇ, ಹೊಸ ಹಲ್ಲು ನಾಳೆ ಬೆಳಿಗ್ಗೆಯೊಳಗೆ."